ಮೀಟರ್ 2.5 ವೋಲ್ಟ್ ತೋರಿಸಿದರೆ ನಂಬಬೇಡಿ

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಹುಬ್ಬಳ್ಳಿ ವಿದ್ಯಾನಗರದ ನನ್ನ ಅಂಗಡಿಗೆ ಹುಡುಗರು ಬ್ರೆಡ್‌ಬೋರ್ಡ್ ಹಿಡಿದು ಬರುತ್ತಾರೆ. ಎರಡು ಸಿಗ್ನಲ್‌ಗಳಲ್ಲಿ ಯಾವುದರ ಫ್ರೀಕ್ವೆನ್ಸಿ ಜಾಸ್ತಿ ಅಂತ ತೋರಿಸಬೇಕು. ಬಹಳಷ್ಟು ಜನರ ಬೋರ್ಡಿನಲ್ಲಿ ಅದೇ 4070 ಚಿಪ್, ಅದರ ಒಂದೇ ಎಕ್ಸ್-ಆರ್ ಗೇಟ್.

"ಸರ, ಮೀಟರ್ 2.5ಕ್ಕ ನಿಂತೈತ್ರಿ. ಎರಡೂ ಒಂದ ಅದಾವ ಅಲ್ರೀ?"

ಇಲ್ಲಪ್ಪ. ಸಪ್ಲೈ 5 ವೋಲ್ಟ್, ಎರಡೂ 1000 ಹರ್ಟ್ಸ್ ಸ್ಕ್ವೇರ್ ವೇವ್ ಅಂತಿಟ್ಟುಕೊಳ್ಳಿ. ಒಂದು ಕಾಲು ಸೈಕಲ್ ಹಿಂದಿದ್ದರೆ ಗೇಟ್ ಅರ್ಧ ಹೊತ್ತು ಹೈ, ಅರ್ಧ ಹೊತ್ತು ಲೋ. ಸರಾಸರಿ 2.5. ಈಗ ಒಂದನ್ನು 1300ಕ್ಕೆ ಏರಿಸಿ. ಸರಾಸರಿ ಆಗಲೂ 2.5! 700ಕ್ಕೆ ಇಳಿಸಿ. ಅದೇ 2.5! ಇನ್ನು ಎರಡೂ 1000 ಇದ್ದು ಜೊತೆಜೊತೆಗೆ ಏರಿಳಿದರೆ ಸೊನ್ನೆ, ಪೂರ್ತಿ ಉಲ್ಟಾ ಇದ್ದರೆ 5. ಎಕ್ಸ್-ಆರ್ ನೋಡುವುದು ಎರಡೂ ಈ ಕ್ಷಣ ಬೇರೆ ಇವೆಯಾ ಅಂತ ಮಾತ್ರ. ಯಾವುದು ವೇಗ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಬೇಕಾದ್ದು ಎರಡು ಡಿ ಫ್ಲಿಪ್‌ಫ್ಲಾಪ್. ಕ್ಲಾಕ್ ಪಿನ್ ಲೋನಿಂದ ಹೈಗೆ ಏರಿದ ಕ್ಷಣ ಡಿ ಪಿನ್ನಿನಲ್ಲಿದ್ದದ್ದನ್ನು ಕ್ಯೂ ಎಂಬ ಔಟ್‌ಪುಟ್ಟಿನಲ್ಲಿ ಹಿಡಿದಿಡುವ ಸರ್ಕ್ಯೂಟ್ ಅದು. ಒಂದೇ 4013 ಚಿಪ್ಪಿನಲ್ಲಿ ಎರಡೂ ಇವೆ. ಡಿ ಪಿನ್‌ಗಳು ಸಪ್ಲೈಗೆ, ಸೆಟ್ ಪಿನ್‌ಗಳು ಗ್ರೌಂಡಿಗೆ. ಒಂದೊಂದು ಕ್ಲಾಕ್‌ಗೆ ಒಂದೊಂದು ಸಿಗ್ನಲ್. ಎರಡೂ ಕ್ಯೂಗಳನ್ನು ಆಂಡ್ ಗೇಟಿಗೆ (ಎರಡೂ ಹೈ ಇದ್ದರೆ ಮಾತ್ರ ಹೈ ಕೊಡುವ ಗೇಟ್) ಕೊಟ್ಟು, ಅದರ ಔಟ್‌ಪುಟ್ಟನ್ನು ಎರಡೂ ರೀಸೆಟ್‌ಗೆ ಸೇರಿಸಿ. ಮೊದಲ ಸಿಗ್ನಲ್ ವೇಗವಾಗಿದ್ದರೆ, ಎರಡನೆಯದು ಎರಡು ಸಲ ಏರುವುದರೊಳಗೆ ಅದು ಒಮ್ಮೆಯಾದರೂ ಏರಲೇಬೇಕು. ಹಾಗಾಗಿ ಅದರ ಕ್ಯೂ ಹೆಚ್ಚು ಹೊತ್ತು ಹೈ ಇರುತ್ತದೆ. ಇನ್ನೊಂದರ ಕ್ಯೂ ಹೈ ಆದ ಕೂಡಲೇ ಎರಡೂ ರೀಸೆಟ್ ಆಗುತ್ತವೆ. ಸಿಗ್ನಲ್ ಹೋಲಿಸುವ 4046 ಚಿಪ್ಪಿನ ಒಳಗೂ ಇಂಥದ್ದೇ ಇದೆ. ಅದಕ್ಕೆ 13ನೇ ಪಿನ್ ನೋಡಿ, 2ನೇ ಪಿನ್‌ನಲ್ಲಿ ಸಿಗುವುದು ಮತ್ತೆ ಎಕ್ಸ್-ಆರ್!

ಒಂದು ಎಚ್ಚರಿಕೆ. ಫ್ರೀಕ್ವೆನ್ಸಿ ಸಮ ಇದ್ದಾಗಲೂ ಮುಂದಿರುವ ಸಿಗ್ನಲ್‌ನ ಕ್ಯೂ ಹೈ ಆಗುತ್ತದೆ. ಆದರೆ ಆಗ ಆ ಕ್ಯೂಗೆ ಹಾಕಿದ ಎಲ್‌ಇಡಿ ಬೆಳಕು ಒಂದೇ ಸಮ ಇರುತ್ತದೆ. ವ್ಯತ್ಯಾಸ ಸಣ್ಣದಿದ್ದರೆ ಬೆಳಕು ನಿಧಾನಕ್ಕೆ ಏರಿಳಿಯುತ್ತದೆ. 50 ಮತ್ತು 50.1 ಹರ್ಟ್ಸ್ ಇದ್ದರೆ ಆ ಒಂದು ಸುತ್ತಿಗೆ 10 ಸೆಕೆಂಡ್ ಬೇಕು. ಅವಸರ ಮಾಡಬೇಡಿ. ಕರೆಂಟಿನ ಸಿಗ್ನಲ್ ಬೇಕಾದರೆ ಟ್ರಾನ್ಸ್‌ಫಾರ್ಮರ್ ಹಾಕಿಯೇ ತಗೊಳ್ಳಿ, ನೇರವಾಗಿ ಯಾವತ್ತೂ ಬೇಡ.

ಗದಗಿನ ಒಬ್ಬ ಹುಡುಗಿ ಎರಡು ಮೋಟಾರ್‌ಗಳ ವೇಗ ಹೋಲಿಸಲು ಇದನ್ನೇ ಕಟ್ಟಿದ್ದಳು. ಬಹಳ ಚುರುಕು, ಬೆಸುಗೆ ನೋಡಿದರೆ ಖುಷಿಯಾಗುತ್ತಿತ್ತು. ಆದರೂ ನಿಧಾನದ ಮೋಟಾರೇ ಗೆಲ್ಲುತ್ತಿತ್ತು. ಅದರ ಸೆನ್ಸರ್ ವೈರು ಮೋಟಾರ್ ವೈರಿನ ಪಕ್ಕದಲ್ಲೇ ಹೋಗಿತ್ತು. ನಾಯ್ಸ್‌ನಿಂದ ಒಂದೊಂದು ಪಲ್ಸ್ ಎರಡು ಮೂರಾಗಿ ಎಣಿಕೆಯಾಗುತ್ತಿತ್ತು. ವೈರು ದೂರ ಸರಿಸಿ, ಸಣ್ಣ ಆರ್‌ಸಿ ಫಿಲ್ಟರ್ ಕೊಟ್ಟು, ಪ್ರತಿ ಕ್ಲಾಕ್ ಮುಂದೆ ಸಣ್ಣ ಏರಿಳಿತಕ್ಕೆ ಜಗ್ಗದ 40106 ಸ್ಮಿಟ್ ಟ್ರಿಗರ್ ಹಾಕಿದೆವು. ಆಮೇಲೆ ಸರಿಯಾದ ಎಲ್‌ಇಡಿ ಹತ್ತಿತು.