ಜಾಗಟೆಯ ಸದ್ದು ಕೇಳುವಷ್ಟು ದೂರ

ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗವನ್ನು ಕಾಲಿಮಂತಾನ್ ಎನ್ನುತ್ತಾರೆ. ಅದರ ನಡುಪ್ರಾಂತ್ಯದ ಕಹಾಯನ್ ಮತ್ತು ಕಪುವಾಸ್ ಹೊಳೆಗಳ ದಂಡೆಯಲ್ಲಿ ನೆಲೆಸಿರುವ ಙಾಜು ದಾಯಕ್ ಜನರಲ್ಲಿ ಊರಿನ ಎಲ್ಲೆಯನ್ನು ಹೇಳಲು ಒಂದು ಹಳೆಯ ಅಳತೆಯಿದೆ. ಹೊಳೆಯಂಚಿನ ಊರಿನಲ್ಲಿ ಜಾಗಟೆ ಬಾರಿಸಿದರೆ ಸದ್ದು ಕಾಡಿನೊಳಗೆ ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ನೆಲ ಊರಿನದು. ಲೆಕ್ಕಕ್ಕೆ ಇಳಿಸಿದಾಗ ಅದನ್ನು ಹೊಳೆಯ ಎರಡೂ ಬದಿಗೆ ಐದೈದು ಕಿಲೋಮೀಟರ್ ಎಂದರು. ಅದರಾಚೆಗೆ ಬೇಟೆಗೆ ಹೋಗುತ್ತಿದ್ದರು, ಜೇನಿಗೆ, ಮರದ ಹಾಲಿಗೆ ಹೋಗುತ್ತಿದ್ದರು. ಗದ್ದೆ ಮಾಡಲು ಮಾತ್ರ ಹೋಗುತ್ತಿರಲಿಲ್ಲ.

ಈ ಎಲ್ಲೆಯನ್ನು ಸರ್ಕಾರವೊಂದು ದಾಟಿದ ಕಥೆಯನ್ನು ಹೇಳದೆ ಇಂದಿನ ಈ ಹಳ್ಳಿಗಳ ಪಾಡು ಅರ್ಥವಾಗುವುದಿಲ್ಲ. ಒಣಗಿದ ಮೀನಿನ ಹೊಂಡ, ಬರದ ವರ್ಷಗಳಲ್ಲಿ ಕವಿಯುವ ಹೊಗೆ, ಅಂಗಡಿಯಿಂದ ಕೊಂಡು ತರುವ ಅಕ್ಕಿ, ಎಲ್ಲದರ ಬೇರೂ ಅಲ್ಲಿದೆ.

ಮೊದಲು ಊರನ್ನು ನೋಡೋಣ. ಇಲ್ಲಿನ ಮನೆಗಳು ಸಾಲಾಗಿ ಹೊಳೆಯ ಉದ್ದಕ್ಕೂ ಕಂಬಗಳ ಮೇಲೆ ನಿಂತಿವೆ. ರಸ್ತೆ ತೀರಾ ಇತ್ತೀಚಿನದು. ಅದಕ್ಕೂ ಮುಂಚೆ ಹೊಳೆಯೇ ರಾಜಬೀದಿ. ಹೋಗುವ ದಿಕ್ಕು ಹೇಳುವಾಗ ಉತ್ತರ ದಕ್ಷಿಣಕ್ಕಿಂತ ಹೊಳೆಯ ಮೇಲ್ಗಡೆ, ಕೆಳಗಡೆ ಎಂಬ ಮಾತೇ ಹೆಚ್ಚು. ಙಾಜು ಎಂಬ ಹೆಸರಿನ ಅರ್ಥವೇ ‘ಮೇಲ್ಗಡೆ’. ಮನೆಯ ಮುಂದೆ ದಪ್ಪ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ತೇಲುಕಟ್ಟೆಯೊಂದು ಹೊಳೆಯಲ್ಲಿ ಆಡುತ್ತಿರುತ್ತದೆ. ನೀರು ಏರಿದರೆ ಕಟ್ಟೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಬೆಳಗಿನ ಜಾವ ಅದರ ಒಂದು ತುದಿಯಲ್ಲಿ ಒಬ್ಬಾಕೆ ಅಕ್ಕಿ ತೊಳೆಯುತ್ತಿರುತ್ತಾಳೆ, ಪಕ್ಕದಲ್ಲಿ ಮಕ್ಕಳು ಹಲ್ಲುಜ್ಜುತ್ತಿರುತ್ತಾರೆ, ಇನ್ನೊಂದು ತುದಿಯಲ್ಲಿ ಎದೆಮಟ್ಟದ ಹಲಗೆಗಳ ಮರೆಯಿರುವ ಶೌಚದ ಗೂಡು. ಕುಡಿಯುವ ನೀರು, ಸ್ನಾನ, ಬಟ್ಟೆ, ಮೀನು ಹೆರೆಯುವುದು, ದೋಣಿ ಕಟ್ಟುವುದು, ಊರಿನ ಸುದ್ದಿ, ಎಲ್ಲಕ್ಕೂ ಆ ಕೆಲವು ದಿಮ್ಮಿಗಳೇ ನೆಲೆ. ಹೊಳೆ ಕೆಟ್ಟರೆ ಇವರ ಮನೆಯ ಒಂದು ಕೋಣೆಯೇ ಕೆಟ್ಟಂತೆ.

ಹೊಳೆಯಿಂದ ದೂರ ಸರಿದಂತೆ ನೆಲದ ಬಗೆ ಬದಲಾಗುತ್ತದೆ. ದಂಡೆಯಲ್ಲಿ ನೆರೆನೀರು ತಂದು ಹಾಕಿದ ಮೆಕ್ಕಲು ಮಣ್ಣು. ಒಳಗೆ ಹೋದಂತೆ ಕಾಲಡಿಯಲ್ಲಿರುವುದು ಮಣ್ಣಲ್ಲ, ಸಾವಿರಾರು ವರ್ಷ ನೀರಿನಲ್ಲಿ ನೆನೆದು ಪೂರ್ತಿ ಕೊಳೆಯದೆ ಉಳಿದ ಮರ, ಬೇರು, ಎಲೆಗಳ ರಾಶಿ. ಇಂಡೊನೇಷ್ಯಾದಲ್ಲಿ ಇದನ್ನು ಗಂಬುಟ್ ಎನ್ನುತ್ತಾರೆ. ದಕ್ಷಿಣ ಕಾಲಿಮಂತಾನಿನಲ್ಲಿ ಇದೇ ಹೆಸರಿನ ಊರೂ ಇದೆ. ಈ ರಾಶಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಎರಡು ಹೊಳೆಗಳ ನಡುವೆ ಅದು ಆಮೆಯ ಬೆನ್ನಿನ ಹಾಗೆ ಉಬ್ಬಿಕೊಂಡಿರುತ್ತದೆ. ಅಂಚಿನಲ್ಲಿ ಮೊಣಕಾಲುದ್ದ, ನಡುವೆ ಕೆಲವೆಡೆ ಹತ್ತು ಮೀಟರಿಗೂ ಹೆಚ್ಚು ಆಳ. ಮಳೆಗಾಲದ ನೀರನ್ನೆಲ್ಲ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹೊಳೆಗೆ ಮೆಲ್ಲಗೆ ಬಿಡುತ್ತದೆ. ಆ ನೀರು ಕಡು ಡಿಕಾಕ್ಷನ್ನಿನ ಬಣ್ಣದ್ದು, ಹುಳಿ ಗುಣದ್ದು. ಅದರಲ್ಲಿ ಭತ್ತ ಬೆಳೆಯದು. ಜಾಗಟೆಯ ಅಳತೆ ಎಷ್ಟು ಸರಿಯಾಗಿತ್ತೆಂಬುದು ಇಲ್ಲಿ ತಿಳಿಯುತ್ತದೆ: ಆ ಸದ್ದು ನಿಲ್ಲುವ ಆಸುಪಾಸಿನಲ್ಲೇ ಆಳದ ಗಂಬುಟ್ ಶುರುವಾಗುತ್ತಿತ್ತು.

ಹಾಗೆಂದು ಇವರು ನೆಲವನ್ನು ಮುಟ್ಟದೆ ಬಿಟ್ಟವರಲ್ಲ. ಹೊಳೆಯಿಂದ ಒಳನೆಲದ ಕಡೆಗೆ ಕೈಯಿಂದಲೇ ಸಣ್ಣ ಕಾಲುವೆ ತೋಡುತ್ತಿದ್ದರು. ಅದಕ್ಕೆ ಹಂಡಿಲ್ ಎಂದು ಹೆಸರು. ಸಮುದ್ರದ ಉಬ್ಬರಕ್ಕೆ ಹೊಳೆ ಏರಿದಾಗ ಸಿಹಿನೀರು ಹಂಡಿಲ್ ಹಿಡಿದು ಗದ್ದೆಗೆ ನುಗ್ಗುತ್ತದೆ, ಇಳಿತದಲ್ಲಿ ಹುಳಿ ನೀರನ್ನು ತೊಳೆದುಕೊಂಡು ಹಿಂದಿರುಗುತ್ತದೆ. ದಕ್ಷಿಣ ಕಾಲಿಮಂತಾನಿನ ಬಂಜಾರ್ ಜನಾಂಗದ ರೈತರು ಈ ವಿದ್ಯೆಯಲ್ಲಿ ನಿಪುಣರು. ಸಸಿಯನ್ನು ಒಂದು ಮಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುತ್ತ, ಅದು ಎತ್ತರಕ್ಕೆ ಬೆಳೆದ ಮೇಲೆ ನೀರು ನಿಂತ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದರು. ಡಚ್ಚರ ಆಡಳಿತದಲ್ಲಿ, 19ನೆಯ ಶತಮಾನದ ಕೊನೆಯಲ್ಲಿ, ಕಪುವಾಸ್ ಮತ್ತು ಬರಿತೊ ಹೊಳೆಗಳನ್ನು ಕೂಡಿಸುವ ಸುಮಾರು 28 ಕಿಲೋಮೀಟರಿನ ಸೆರಾಪಟ್ ಕಾಲುವೆ ತೋಡಿದರು. ಅದು ಮುಖ್ಯವಾಗಿ ದೋಣಿಗಳಿಗೆ. ಅದರ ಎರಡೂ ಬದಿ ಜನ ಹಂಡಿಲ್‌ಗಳನ್ನು ತೋಡಿಕೊಂಡು ಗದ್ದೆ ಮಾಡಿದರು.

ಇವರ ಇನ್ನೊಂದು ಜಾಣ್ಮೆಯ ಹೆಸರು ಬೆಜೆ. ಕಾಡಿನಂಚಿನ ಜೌಗಿನಲ್ಲಿ ತೋಡಿದ ಉದ್ದನೆಯ ಹೊಂಡವದು. ಮಳೆಗಾಲದಲ್ಲಿ ಹೊಳೆ ಉಕ್ಕಿ ಕಾಡಿನೊಳಗೆ ಹರಡಿದಾಗ ಮೀನುಗಳು ಮೇಯಲು ಅಲ್ಲಿಗೆ ಬರುತ್ತವೆ. ನೀರು ಇಳಿಯುತ್ತ ಹೋದಂತೆ ತಗ್ಗು ಹುಡುಕಿಕೊಂಡು ಬೆಜೆಗೆ ಸೇರುತ್ತವೆ. ಬೇಸಿಗೆ ಬಲಿತಾಗ ಮನೆಮಂದಿಯೆಲ್ಲ ಹೊಂಡಕ್ಕೆ ಇಳಿದು ನೀರು ಮೊಗೆದು ಕೆಸರಿನಿಂದ ಕೊರವನ ಜಾತಿಯ ಮೀನು, ನೀರಿನಿಂದ ಹೊರಬಂದರೂ ಕೆಲಹೊತ್ತು ಉಸಿರಾಡಬಲ್ಲ ಪಪುಯು ಮೀನು, ಎಲ್ಲವನ್ನೂ ಬುಟ್ಟಿಗೆ ತುಂಬುತ್ತಾರೆ. ತಿಂದು ಮಿಕ್ಕಿದ್ದನ್ನು ಉಪ್ಪು ಹಚ್ಚಿ ಒಣಗಿಸುತ್ತಾರೆ. ಮರಿ ಬಿಡುವ ಖರ್ಚಿಲ್ಲ, ಮೇವಿನ ಖರ್ಚಿಲ್ಲ. ಬೇಕಾದ್ದು ಒಂದೇ: ಮಳೆಗಾಲದಲ್ಲಿ ನೀರು ಬರಬೇಕು, ಬೇಸಿಗೆಯಲ್ಲಿ ಪೂರ್ತಿ ಆರಬಾರದು. ರಬ್ಬರ್ ತೋಟ, ಬೆತ್ತದ ಹಿಂಡು, ಚಾಪೆ ಹೆಣೆಯುವ ಪುರುನ್ ಜೊಂಡು ಇವು ಕೈಗೆ ಕಾಸು ತರುತ್ತಿದ್ದವು. ಇವರದು ಸಿರಿವಂತಿಕೆಯ ಬಾಳಾಗಿರಲಿಲ್ಲ, ಆದರೆ ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು.

ಸ್ವತಂತ್ರ ಇಂಡೊನೇಷ್ಯಾದಲ್ಲಿ ದಾಯಕ್ ಜನರು ತಮ್ಮದೇ ಪ್ರಾಂತ್ಯ ಬೇಕೆಂದು ಹೋರಾಡಿ 1957ರಲ್ಲಿ ಮಧ್ಯ ಕಾಲಿಮಂತಾನವನ್ನು ಪಡೆದರು. ಪಹಂಡುಟ್ ಎಂಬ ಹೊಳೆದಂಡೆಯ ಹಳ್ಳಿಯಲ್ಲಿ ದೇಶದ ಮೊದಲ ಅಧ್ಯಕ್ಷ ಸುಕರ್ಣೊ ಪ್ರಾಂತ್ಯದ ರಾಜಧಾನಿಗೆ ಅಡಿಗಲ್ಲು ಹಾಕಿದರು. ಅದೇ ಇಂದಿನ ಪಲಂಕಾ ರಾಯ. ಆದರೆ ಹತ್ತು ವರ್ಷಕ್ಕೆ, ಸುಕರ್ಣೊ ನಂತರ ದೇಶ ಆಳಿದ ಸುಹಾರ್ತೊ ಕಾಲದ 1967ರ ಅರಣ್ಯ ಕಾನೂನು ಬಂತು. ಕಾಡೆಲ್ಲ ಸರ್ಕಾರದ ಹಿಡಿತಕ್ಕೆ ಹೋಗಿ ಮರ ಕಡಿಯುವ ಪರವಾನಗಿ ಕಂಪನಿಗಳಿಗೆ ಹಂಚಿಕೆಯಾಯಿತು. 1979ರ ಗ್ರಾಮ ಕಾನೂನು ಇಡೀ ದೇಶದ ಹಳ್ಳಿಗಳನ್ನು ಜಾವಾದ ಹಳ್ಳಿಯ ಅಚ್ಚಿಗೆ ಹೊಯ್ದಿತು. ಹಲವು ಊರುಗಳ ನೆಲದ ವ್ಯಾಜ್ಯ ಬಗೆಹರಿಸುತ್ತಿದ್ದ ದಮಾಂಗ್ ಎಂಬ ಹಿರಿಯನ ಮಾತಿಗೆ ಬೆಲೆ ಕಡಿಮೆಯಾಯಿತು. ಧರ್ಮವೂ ಅಚ್ಚಿಗೆ ಹೊಂದಬೇಕಿತ್ತು. ಕಹರಿಂಗನ್ ಎಂಬ ಅವರ ಮೂಲ ನಂಬಿಕೆಗೆ ಸರ್ಕಾರದ ಪಟ್ಟಿಯಲ್ಲಿ ಜಾಗವಿರದ ಕಾರಣ, 1980ರಲ್ಲಿ ಅದನ್ನು ಹಿಂದೂ ಧರ್ಮದ ಒಂದು ಶಾಖೆಯೆಂದು ದಾಖಲಿಸಿದರು. ಸತ್ತವರ ಮೂಳೆಗಳನ್ನು ಮತ್ತೆ ತೆಗೆದು, ಕೆತ್ತನೆಯ ಮರದ ಗೂಡಿನಲ್ಲಿಡುವ ತಿವಾ ಎಂಬ ದೊಡ್ಡ ಕ್ರಿಯೆಯನ್ನು ನೋಡಿದರೆ ನಮ್ಮ ಯಾವ ಮಠ ಮಂದಿರದ ಹಿಂದೂಗಳಿಗೂ ಅದು ಗುರುತು ಸಿಗಲಾರದು. ಉಳಿಯಲು ಅವರು ಹಿಡಿದ ದಾರಿ ಅದು. ನನಗೆ ಅದರ ಬಗ್ಗೆ ಗೌರವವಿದೆ.

ದೊಡ್ಡ ಪೆಟ್ಟು ಬಿದ್ದದ್ದು ಅಕ್ಕಿಯ ಹೆಸರಿನಲ್ಲಿ. 1984ರಲ್ಲಿ ಇಂಡೊನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಮರುವರ್ಷ ರೋಮಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸುಹಾರ್ತೊ ಅವರನ್ನು ಕರೆಸಿ ಗೌರವಿಸಿತು. ಹತ್ತು ವರ್ಷದಲ್ಲಿ ಆ ಹೆಮ್ಮೆ ಕರಗಿ ಮತ್ತೆ ಆಮದು ಶುರುವಾಗಿತ್ತು. ಜಾವಾದ ಗದ್ದೆಗಳು ಕಾರ್ಖಾನೆ, ಬಡಾವಣೆಗಳ ಪಾಲಾಗುತ್ತಿದ್ದವು. 1995ರ ಡಿಸೆಂಬರಿನಲ್ಲಿ ಸುಹಾರ್ತೊ ಆಜ್ಞೆ ಹೊರಡಿಸಿದರು: ಮಧ್ಯ ಕಾಲಿಮಂತಾನಿನ ಹತ್ತು ಲಕ್ಷ ಹೆಕ್ಟೇರ್ ಗಂಬುಟ್ ನೆಲ ಭತ್ತದ ಗದ್ದೆಯಾಗಬೇಕು. ಪರಿಸರದ ಮೇಲಿನ ಪರಿಣಾಮದ ವರದಿ ಒಪ್ಪಿಗೆಯಾಗುವ ಮೊದಲೇ ಯಂತ್ರಗಳು ಬಂದವು. ಕಡಿದ ಕಾಡನ್ನು ಮರಳಿ ಬೆಳೆಸಲೆಂದು ಕೂಡಿಟ್ಟಿದ್ದ ನಿಧಿಯ ಹಣವನ್ನೇ ಕಾಡು ಸೀಳುವ ಕೆಲಸಕ್ಕೆ ಬಳಸಿದರು. ಎರಡು ಮೂರು ವರ್ಷದಲ್ಲಿ 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಿದರು. ನಕ್ಷೆಯ ಮೇಲೆ ಅಡಿಪಟ್ಟಿಯಿಟ್ಟು ಎಳೆದ ನೇರ ಗೆರೆಗಳು ಆಮೆಬೆನ್ನಿನ ನೆತ್ತಿಯನ್ನೇ ಸೀಳಿಕೊಂಡು ಹೋದವು. ದಾರಿಯಲ್ಲಿ ಸಿಕ್ಕ ಬೆಜೆ, ರಬ್ಬರ್ ತೋಟ, ಬೆತ್ತದ ಹಿಂಡು ಹೋದವು.

ಹಂಡಿಲ್ ಕೂಡ ಕಾಲುವೆ, ಇದೂ ಕಾಲುವೆ. ಹಂಡಿಲ್ ಅನ್ನು ಹೊಳೆಯ ಉಬ್ಬರ ತಲುಪುವಷ್ಟೇ ದೂರ ತೋಡುತ್ತಿದ್ದರು. ಹೊಸ ಕಾಲುವೆಗಳು ಉಬ್ಬರವನ್ನು ಮೇಲೆ ತರಲಾರದೆ ಹೋದವು, ಏಕೆಂದರೆ ಗಂಬುಟ್‌ನ ನೆತ್ತಿ ಹೊಳೆಗಿಂತ ಎತ್ತರದಲ್ಲಿತ್ತು. ಅವು ಸಾವಿರಾರು ವರ್ಷದಿಂದ ನಿಂತಿದ್ದ ನೀರನ್ನು ಕೆಳಗೆ ಹರಿಸಿಬಿಟ್ಟವು. ಒಮ್ಮೆ ಚೆನ್ನಾಗಿ ಒಣಗಿದ ಗಂಬುಟ್ ಮತ್ತೆ ಮಳೆ ಬಂದರೂ ಮೊದಲಿನಂತೆ ನೀರು ಹೀರುವುದಿಲ್ಲ. ಅದು ಕುಸಿಯುತ್ತದೆ, ಮರಗಳು ಬೇರು ಬಿಟ್ಟು ಒರಗುತ್ತವೆ. ಕೆಳಗಿನ ಜೇಡಿಯಲ್ಲಿ ಗಂಧಕದ ಖನಿಜವಿದ್ದ ಕಡೆ ಗಾಳಿ ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಮೊದಲ ಮಳೆಗೆ ಆ ಆಮ್ಲ ಕಾಲುವೆಗೆ ಇಳಿದು ಮೀನುಗಳನ್ನು ಕೊಲ್ಲುತ್ತದೆ. ಇದರೊಂದಿಗೆ ಕಾಲುವೆಗಳು ಕಳ್ಳದಿಮ್ಮಿ ಸಾಗಿಸುವವರಿಗೆ ಹೆದ್ದಾರಿಗಳಾದವು.

1997ರಲ್ಲಿ ಎಲ್ ನಿನೊ ಬರ ಬಂತು. ಒಣಗಿದ ಗಂಬುಟ್‌ಗೆ ಬೆಂಕಿ ತಗಲಿ ತಿಂಗಳುಗಟ್ಟಲೆ ನೆಲದೊಳಗೇ ಉರಿಯಿತು. ಆ ವರ್ಷ ಇಂಡೊನೇಷ್ಯಾದ ಗಂಬುಟ್ ಮತ್ತು ಕಾಡುಗಳ ಬೆಂಕಿಯಿಂದ ಹೊರಬಿದ್ದ ಇಂಗಾಲವು, ಇಡೀ ಜಗತ್ತು ವರ್ಷವೊಂದಕ್ಕೆ ಕಲ್ಲಿದ್ದಲು, ಎಣ್ಣೆ ಸುಟ್ಟು ಬಿಡುತ್ತಿದ್ದ ಇಂಗಾಲದ ಶೇಕಡಾ 13ರಿಂದ 40ರಷ್ಟು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅದನ್ನು ನಡೆಸಿದ ತಂಡದಲ್ಲಿ ಬ್ರಿಟನ್ನಿನ ಸೂಸನ್ ಪೇಜ್ ಅವರ ಜೊತೆ ಪಲಂಕಾ ರಾಯ ವಿಶ್ವವಿದ್ಯಾಲಯದ ಸುವಿದೊ ಲಿಮಿನ್ ಕೂಡ ಇದ್ದರು. 1998ರಲ್ಲಿ ಸುಹಾರ್ತೊ ಇಳಿದರು, 1999ರಲ್ಲಿ ಯೋಜನೆಯನ್ನು ಮುಚ್ಚಿದರು. ಅಷ್ಟರಲ್ಲಿ ಸುಮಾರು 15,000 ವಲಸೆ ಕುಟುಂಬಗಳನ್ನು ತಂದು ನೆಲೆಗೊಳಿಸಿಯಾಗಿತ್ತು. ಎರಡು ಹೆಕ್ಟೇರ್ ಗದ್ದೆಯ ಆಸೆಗೆ ಊರು ಬಿಟ್ಟು ಬಂದ ಇವರೂ ಮೋಸಹೋದವರೇ. ಹಲವರು ಜಾಗ ಬಿಟ್ಟರು, ಉಳಿದವರು ಕೂಲಿಗೆ ಹೋದರು. ದಾಯಕ್ ಹಳ್ಳಿಗಳಲ್ಲಿ ದಿಮ್ಮಿಯ ಕೆಲಸ ನಿಂತ ಮೇಲೆ ಅನೇಕರು ಹೊಳೆಯ ತಳದ ಮರಳು ಹೀರುವ ಚಿನ್ನದ ತೆಪ್ಪಗಳಿಗೆ ಇಳಿದರು. ಚಿನ್ನ ಕೂಡಿಸಲು ಪಾದರಸ ಬೇಕು. ಅದೂ ಅದೇ ಹೊಳೆಗೆ ಸೇರಿತು, ತೇಲುಕಟ್ಟೆಯ ಮೇಲೆ ಅಕ್ಕಿ ತೊಳೆಯುವ ಹೊಳೆಗೆ.

ಆಮೇಲೆ ಬಂದವರು ಸರಿಪಡಿಸುವವರು. 2007ರಲ್ಲಿ ಆಸ್ಟ್ರೇಲಿಯಾದ ಹಣದಿಂದ ಕಪುವಾಸ್ ದಂಡೆಯ ಹಳ್ಳಿಗಳಲ್ಲಿ ಗಂಬುಟ್‌ನ ಇಂಗಾಲ ಗಾಳಿಗೆ ಸೇರದಂತೆ ಉಳಿಸುವ ಯೋಜನೆ ಘೋಷಣೆಯಾಯಿತು. ಎರಡು ಲಕ್ಷ ಹೆಕ್ಟೇರ್ ಮತ್ತೆ ನೀರಿನಲ್ಲಿ ನೆನೆಸುತ್ತೇವೆ, ಹತ್ತು ಕೋಟಿ ಮರ ನೆಡುತ್ತೇವೆ ಎಂದರು. 2014ರಲ್ಲಿ ಅದು ನಿಂತಾಗ ಗುರಿಯ ಹತ್ತಿರಕ್ಕೂ ಬಂದಿರಲಿಲ್ಲ. ಮರುವರ್ಷವೇ ಮತ್ತೆ ಎಲ್ ನಿನೊ. 2015ರ ಬೆಂಕಿಯಲ್ಲಿ ದೇಶದಾದ್ಯಂತ 26 ಲಕ್ಷ ಹೆಕ್ಟೇರ್ ಸುಟ್ಟಿತು. ಪಲಂಕಾ ರಾಯದಲ್ಲಿ ಹಗಲು ಹಳದಿಗಟ್ಟಿತು, ಶಾಲೆಗಳು ಮುಚ್ಚಿದವು. ಜನರು ಅಧ್ಯಕ್ಷ ಜೋಕೊ ವಿದೊದೊ ಸರ್ಕಾರದ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಗೆದ್ದರು, 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. 2022ರಲ್ಲಿ ಅದೇ ಕೋರ್ಟು ಮರುಪರಿಶೀಲನೆಯಲ್ಲಿ ತೀರ್ಪನ್ನು ತಿರುಗಿಸಿತು.

2016ರಲ್ಲಿ ರಚನೆಯಾದ ಗಂಬುಟ್ ಪುನಶ್ಚೇತನ ಸಂಸ್ಥೆ ಕಾಲುವೆಗಳಿಗೆ ಒಡ್ಡು ಕಟ್ಟಿಸಿತು. ಕೆಲಸ ಸರಿಯಾದದ್ದೇ. ಆದರೆ ಇಪ್ಪತ್ತು ವರ್ಷದಲ್ಲಿ ಆ ಕಾಲುವೆಗಳೇ ಜನರಿಗೆ ತೋಟಕ್ಕೆ ಹೋಗುವ ದೋಣಿದಾರಿಯಾಗಿದ್ದವು. ದೋಣಿಗೆ ಸಂದು ಬಿಡದೆ ಕಟ್ಟಿದ ಒಡ್ಡಿನ ಬಗ್ಗೆ ಊರಿನವರು ಸಿಟ್ಟಾದರೆ ಅದನ್ನು ಪರಿಸರದ ಅರಿವಿಲ್ಲದವರ ಹಟ ಎನ್ನುವುದು ಅನ್ಯಾಯ. ಇನ್ನೂ ದೊಡ್ಡ ಅನ್ಯಾಯ ಬೆಂಕಿ ನಿಷೇಧದ್ದು. ದಾಯಕ್ ರೈತರು ಸಣ್ಣ ತುಂಡು ನೆಲದ ಕುರುಚಲನ್ನು, ಸುತ್ತ ಬೆಂಕಿಗೆರೆ ಬಿಟ್ಟು, ನೆರೆಹೊರೆಯವರ ಕಾವಲಿನಲ್ಲಿ ಸುಡುತ್ತಿದ್ದರು. ಬೂದಿಯೇ ಆ ಹುಳಿನೆಲಕ್ಕೆ ಸುಣ್ಣ, ಅದೇ ಗೊಬ್ಬರ. ಆಮೇಲೆ ಗಂಡಸರು ಸಾಲಾಗಿ ಕೋಲಿನಿಂದ ಕುಳಿ ಹಾಕುತ್ತ ಮುಂದೆ, ಹೆಂಗಸರು ಕಾಳು ಹಾಕುತ್ತ ಹಿಂದೆ. 2015ರ ನಂತರ ಬೆಂಕಿ ಹಚ್ಚಿದವರಿಗೆ ಪೊಲೀಸ್ ಕೇಸು. ಸುಡುವುದಕ್ಕೆ ಬದಲಿ ದಾರಿ ಸಿಗದೆ ಹಲವು ಊರುಗಳಲ್ಲಿ ಬಿತ್ತನೆಯೇ ನಿಂತಿತು, ಪೀಳಿಗೆಯಿಂದ ಕಾಪಾಡಿದ ಭತ್ತದ ತಳಿಗಳ ಬೀಜ ಮುಗಿಯುತ್ತ ಬಂತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿ ನೆಲ ಒಣಗಿಸಿದವರು ಯಾರೂ ಜೈಲು ಕಾಣಲಿಲ್ಲ.

2020ರಲ್ಲಿ, ಕೋವಿಡ್ ಕಾಲದಲ್ಲಿ, ಸರ್ಕಾರ ಅದೇ ನೆಲಕ್ಕೆ ಮತ್ತೆ ಅಕ್ಕಿಯ ಯೋಜನೆಯೊಂದಿಗೆ ಬಂತು. ಹಳೆಯ ಕಾಲುವೆಗಳ ಹೂಳೆತ್ತಿದರು. ಪಕ್ಕದ ಗುನುಂಗ್ ಮಾಸ್ ಜಿಲ್ಲೆಯಲ್ಲಿ ರಕ್ಷಣಾ ಸಚಿವಾಲಯದ ಉಸ್ತುವಾರಿಯಲ್ಲಿ ಸುಮಾರು 600 ಹೆಕ್ಟೇರ್ ಕಾಡು ಕಡಿದು ಮರಗೆಣಸು ನೆಟ್ಟರು. ಮರಳುಮಿಶ್ರಿತ ನೆಲದಲ್ಲಿ ಗಡ್ಡೆ ಸರಿಯಾಗಿ ಕಟ್ಟಲಿಲ್ಲ. ಆಗ ರಕ್ಷಣಾ ಸಚಿವರಾಗಿದ್ದ ಪ್ರಬೋವೊ ಸುಬಿಯಾಂತೊ 2024ರಲ್ಲಿ ದೇಶದ ಅಧ್ಯಕ್ಷರಾದರು. ಹಳೆಯ ಯೋಜನೆಯ ಜಾಗದಲ್ಲಿ ಕೆಲವೆಡೆ ತಾಳೆ ಎಣ್ಣೆಯ ತೋಟಗಳೂ ಎದ್ದಿವೆ. ಇಂಡೊನೇಷ್ಯಾದ ತಾಳೆ ಎಣ್ಣೆ ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. 2022ರ ಏಪ್ರಿಲ್ ಕೊನೆಗೆ ಆ ದೇಶ ಮೂರು ವಾರಗಳಿಗೂ ಹೆಚ್ಚು ಕಾಲ ರಫ್ತು ನಿಲ್ಲಿಸಿದಾಗ ಇಲ್ಲಿ ಅಡುಗೆ ಎಣ್ಣೆಯ ಬೆಲೆಯ ಆತಂಕ ಎದ್ದಿದ್ದನ್ನು ನೆನೆದರೆ, ಕಹಾಯನ್ ದಂಡೆ ನಮ್ಮ ಬಾಣಲೆಯಿಂದ ಅಷ್ಟೇನೂ ದೂರವಿಲ್ಲ.

ಈಗಲೂ ಬೇಸಿಗೆ ಬಂದರೆ ಈ ಹಳ್ಳಿಗಳ ಯುವಕರು ಬೆಂಕಿ ಕಾವಲಿಗೆ ತಂಡ ಕಟ್ಟುತ್ತಾರೆ. ಹೊಗೆ ಕಂಡ ಕಡೆಗೆ ಸಣ್ಣ ಪಂಪು, ಪೈಪುಗಳನ್ನು ದೋಣಿಗೆ ಹೇರಿಕೊಂಡು ಹೋಗುತ್ತಾರೆ. ಮೇಲಿನ ಜ್ವಾಲೆ ಆರಿದರೂ ಕೆಳಗೆ ಉರಿ ಉಳಿದಿರುತ್ತದೆಂದು ಪೈಪಿನ ಮೂತಿಯನ್ನು ನೆಲದೊಳಗೇ ತುರುಕಿ, ಕೆಸರಾಗುವವರೆಗೂ ನೀರು ಬಿಡುತ್ತಾರೆ. ನೀರು ಎತ್ತುವುದು 1996ರಲ್ಲಿ ತೋಡಿದ ಕಾಲುವೆಯಿಂದ. ಕಾಲುವೆಯೂ ಬತ್ತಿದ್ದರೆ ಗಂಬುಟ್‌ನ ಮೂಲಕ ಕೊರೆದ ಕೊಳವೆಬಾವಿಗಳನ್ನು ಹುಡುಕಿಕೊಂಡು ಹೋಗಬೇಕು.