ರೋಮನ್ ಸೈನ್ಯದ ಹದ್ದು ಒಂದಾದರೂ ಉಳಿದಿದೆಯೇ?

ಪ್ರಶ್ನೆ: ರೋಮನ್ನರ ಕುರಿತ ಸಿನಿಮಾಗಳಲ್ಲಿ ಸೈನ್ಯದ ಮುಂದೆ ಉದ್ದನೆಯ ಕೋಲಿನ ತುದಿಗೆ ಹದ್ದು ಇರುತ್ತದೆ. ಅಂಥ ಅಸಲಿ ಹದ್ದನ್ನು ಯಾವ ಮ್ಯೂಸಿಯಂನಲ್ಲಿ ನೋಡಬಹುದು?

ಉತ್ತರ: ಎಲ್ಲೂ ಇಲ್ಲ. ಇದು ಸೈನ್ಯದ ಹದ್ದೇ ಎಂದು ಖಚಿತವಾಗಿ ಹೇಳಬಹುದಾದದ್ದು ಈವರೆಗೆ ಒಂದೂ ಸಿಕ್ಕಿಲ್ಲ.

ಅದಕ್ಕೆ ಮೊದಲ ಕಾರಣ, ಅವು ಇದ್ದದ್ದೇ ಕಡಿಮೆ. ಸುಮಾರು 5,000 ಸೈನಿಕರ ಒಂದು ಲೀಜನ್‌ಗೆ ಒಂದೇ ಹದ್ದು. ಮೊದಮೊದಲು ತೋಳ, ಕುದುರೆ, ಕಾಡುಹಂದಿಗಳೂ ಲಾಂಛನಗಳಾಗಿದ್ದವು. ಸೇನಾನಿ ಮೇರಿಯಸ್ ಕ್ರಿ.ಪೂ. 104ರಲ್ಲಿ ಅವನ್ನೆಲ್ಲ ಬಿಡಿಸಿ, ಜುಪಿಟರ್ ದೇವರ ಪಕ್ಷಿಯಾದ ಹದ್ದನ್ನು ಮಾತ್ರ ಉಳಿಸಿದ ಎನ್ನುತ್ತಾನೆ ರೋಮನ್ ಲೇಖಕ ಪ್ಲಿನಿ. ಮಾಡಿದ್ದು ಬೆಳ್ಳಿ ಬಂಗಾರದಲ್ಲಿ. ಅಂಥ ಲೋಹ ಕುಲುಮೆಗೆ ಹೋಗದೆ ಉಳಿಯುವುದು ಕಷ್ಟ.

ಅದು ಬರೀ ಗುರುತಿನ ಬಾವುಟವೂ ಅಲ್ಲ. ಶಿಬಿರದಲ್ಲಿ ಅದಕ್ಕೊಂದು ಗುಡಿಯೇ ಇರುತ್ತಿತ್ತು. ಕ್ರಿ.ಪೂ. 55ರಲ್ಲಿ ಸೀಸರ್‌ನ ಪಡೆ ಬ್ರಿಟನ್ ತೀರದಲ್ಲಿ ನೀರಿಗಿಳಿಯಲು ಹಿಂಜರಿದಾಗ, ಹತ್ತನೇ ಲೀಜನ್ನಿನ ಹದ್ದು ಹೊರುವವನು ಒಬ್ಬನೇ ಹಾರಿ ಶತ್ರುಗಳತ್ತ ನಡೆದ. ಹದ್ದು ಕೈತಪ್ಪಿದರೆ ಮಾನ ಹೋಯಿತೆಂದು ಹೆದರಿ ಉಳಿದವರೂ ಹಿಂದೆಯೇ ಧುಮುಕಿದರು. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಮೂರು ಲೀಜನ್‌ಗಳು ನಾಶವಾದಾಗ ಕಳೆದ ಹದ್ದುಗಳ ಹುಡುಕಾಟ ಮೂರು ದಶಕಗಳ ಮೇಲೂ ನಿಂತಿರಲಿಲ್ಲ. ಕೊನೆಯದು ದೊರೆತದ್ದು 41ರಲ್ಲಿ, ಕ್ಲಾಡಿಯಸ್‌ನ ಆಳ್ವಿಕೆಯಲ್ಲಿ.

ಹಾಗಾದರೆ ಇಂಗ್ಲೆಂಡಿನ ರೆಡಿಂಗ್ ಮ್ಯೂಸಿಯಂನಲ್ಲಿರುವ ಹೆಸರಾಂತ ಕಂಚಿನ ಹದ್ದು? 1866ರಲ್ಲಿ ಸಿಲ್ಚೆಸ್ಟರ್ ಎಂಬಲ್ಲಿ, ರೋಮನ್ ಪಟ್ಟಣದ ಸಭಾಭವನದ ಸುಟ್ಟ ಅವಶೇಷಗಳ ನಡುವೆ ಅದು ಸಿಕ್ಕಿತು. ಅಗೆಸಿದ ಪಾದ್ರಿ ಜಾಯ್ಸ್ ಅದನ್ನು ಲೀಜನ್ನಿನ ಹದ್ದೆಂದೇ ನಂಬಿದ್ದರು. ರೆಕ್ಕೆಗಳು ಈಗಿಲ್ಲ, ಆದರೆ ಗರಿಗರಿಯನ್ನೂ ಬಿಡಿಸಿ ಕೆತ್ತಿದ ಕೆಲಸ ಎಷ್ಟು ನೋಡಿದರೂ ಸಾಲದು. ಗುಟ್ಟು ಇರುವುದು ಕಾಲಿನಲ್ಲಿ: ಉಗುರುಗಳು ಗೋಳವೊಂದನ್ನು ಹಿಡಿದಂತೆ ಬಾಗಿವೆ. ಹಾಗಾಗಿ ಜುಪಿಟರ್ ಅಥವಾ ಚಕ್ರವರ್ತಿಯ ದೊಡ್ಡ ವಿಗ್ರಹವೊಂದರ ಭಾಗವಾಗಿತ್ತೆಂದು ವಿದ್ವಾಂಸರು ಈಗ ಹೇಳುತ್ತಾರೆ. ನನಗಂತೂ ಇದರಿಂದ ಅದರ ಬೆಲೆ ಕುಗ್ಗಿದಂತೆ ಕಾಣುವುದಿಲ್ಲ.

ಸೈನ್ಯದ ಹದ್ದು ಹೇಗಿತ್ತೆಂದು ತಿಳಿಯಬೇಕಾದರೆ ಶಿಲ್ಪಗಳನ್ನೇ ನೋಡಬೇಕು. ರೋಮಿನ ಟ್ರಾಜನ್ ಸ್ತಂಭದಲ್ಲಿ ಅವು ಅಲ್ಲಲ್ಲಿ ಕಾಣುತ್ತವೆ. ನನ್ನ ಆಯ್ಕೆ ಮಾತ್ರ ವ್ಯಾಟಿಕನ್‌ನಲ್ಲಿರುವ ಚಕ್ರವರ್ತಿ ಅಗಸ್ಟಸ್‌ನ ಅಮೃತಶಿಲೆಯ ಪ್ರತಿಮೆ. ಕ್ರಿ.ಪೂ. 53ರಲ್ಲಿ ರೋಮನ್ ಸೇನಾನಿ ಕ್ರಾಸಸ್‌ನನ್ನು ಸೋಲಿಸಿ ಪ್ರಾಚೀನ ಇರಾನಿನ ಪಾರ್ಥಿಯನ್ನರು ಕಸಿದುಕೊಂಡಿದ್ದ ಹದ್ದುಗಳನ್ನು ಅಗಸ್ಟಸ್ ಕ್ರಿ.ಪೂ. 20ರಲ್ಲಿ ಯುದ್ಧವಿಲ್ಲದೆ, ಮಾತುಕತೆಯಿಂದಲೇ ಹಿಂಪಡೆದ. ಆ ಪ್ರತಿಮೆಯ ಎದೆಕವಚದ ನಟ್ಟನಡುವೆ ಗಡ್ಡಧಾರಿ ಪಾರ್ಥಿಯನ್ ಒಬ್ಬ ಹದ್ದಿನ ಕೋಲನ್ನು ರೋಮನ್ನನಿಗೆ ಒಪ್ಪಿಸುತ್ತಿದ್ದಾನೆ.