ಗುಲಾಮಗಿರಿ ಕಾನೂನಾದ ಬಗೆ: ಜೇಮ್ಸ್‌ಟೌನ್‌ನಿಂದ ಅಮೆರಿಕದ ಅಂತರ್ಯುದ್ಧದವರೆಗೆ

1850ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾನೂನಿಗೆ ಒಪ್ಪಿಗೆ ಕೊಟ್ಟಿತು. ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡು ಉತ್ತರದ ರಾಜ್ಯಗಳಿಗೆ ಓಡಿಬಂದ ಗುಲಾಮರನ್ನು ಹಿಡಿದು ಮಾಲೀಕರಿಗೆ ಒಪ್ಪಿಸುವ ಕಾನೂನು ಅದು. ಸಿಕ್ಕಿಬಿದ್ದವರು ತಮ್ಮ ಪರವಾಗಿ ಸಾಕ್ಷಿ ನುಡಿಯುವಂತಿರಲಿಲ್ಲ, ಜ್ಯೂರಿಯ ಮುಂದೆ ನಿಲ್ಲುವಂತಿರಲಿಲ್ಲ. ಒಬ್ಬ ಕಮಿಷನರ್ ಹೇಳಿದ್ದೇ ತೀರ್ಪು. ಅವನ ಶುಲ್ಕವನ್ನೂ ಅದೇ ಕಾನೂನು ಗೊತ್ತುಮಾಡಿತ್ತು: ಮಾಲೀಕನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟು ಕಳುಹಿಸಿದರೆ 5 ಡಾಲರ್. ಒಪ್ಪಿಸುವಾಗ ಕಾಗದಪತ್ರದ ಕೆಲಸ ಹೆಚ್ಚು ಎಂಬ ಸಮರ್ಥನೆಯನ್ನು ಕೊಟ್ಟರು.

'ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ' ಎಂದು 1776ರಲ್ಲಿ ಸಾರಿದ ದೇಶ ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ? ಗುಲಾಮಗಿರಿಯನ್ನು ಹಳೆಯ ಕಾಲದ ಕೆಟ್ಟ ರೂಢಿ ಎಂದು ಹೇಳಿ ಮುಂದೆ ಸಾಗುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಮೆರಿಕದ ಗುಲಾಮಗಿರಿಯನ್ನು ಕಲಮು ಕಲಮಾಗಿ ಬರೆದು ಕಟ್ಟಲಾಯಿತು. ಬರೆದವರ ಹೆಸರು, ಬರೆದ ವರ್ಷ ಎರಡೂ ದಾಖಲೆಯಲ್ಲಿವೆ.

ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ್ದು 1607ರಲ್ಲಿ. ಮೊದಲ ಕೆಲವು ವರ್ಷ ಹಸಿವು ಮತ್ತು ರೋಗಕ್ಕೆ ಬಹುಪಾಲು ಜನ ಬಲಿಯಾದರು. ವಸಾಹತನ್ನು ಉಳಿಸಿದ್ದು ಹೊಗೆಸೊಪ್ಪು. ಹೊಗೆಸೊಪ್ಪಿಗೆ ಆಳುಗಳು ಬೇಕಿತ್ತು. ಹಡಗಿನ ಖರ್ಚಿಗೆ ಬದಲಾಗಿ ಇಷ್ಟು ವರ್ಷ ದುಡಿಯುತ್ತೇನೆ ಎಂದು ಕರಾರು ಬರೆದುಕೊಟ್ಟ ಬಡ ಇಂಗ್ಲಿಷರೇ ಆಗ ಹೆಚ್ಚಿನ ಕೂಲಿಗಳು. 1619ರ ಆಗಸ್ಟ್ ಕೊನೆಯಲ್ಲಿ 'ವೈಟ್ ಲಯನ್' ಎಂಬ ಹಡಗು ಪಾಯಿಂಟ್ ಕಂಫರ್ಟ್ ಎಂಬಲ್ಲಿಗೆ ಬಂದು, ಇಪ್ಪತ್ತಕ್ಕಿಂತ ತುಸು ಹೆಚ್ಚು ಆಫ್ರಿಕನ್ನರನ್ನು ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟುಹೋಯಿತು. ಅಂಗೋಲಾದಿಂದ ಹೊರಟಿದ್ದ ಪೋರ್ಚುಗೀಸ್ ಹಡಗೊಂದನ್ನು ದೋಚಿ ಆ ಆಫ್ರಿಕನ್ನರನ್ನು ತರಲಾಗಿತ್ತು. ಅದಕ್ಕೆ ಕೆಲವೇ ವಾರಗಳ ಹಿಂದೆ ಜೇಮ್ಸ್‌ಟೌನ್‌ನ ಚರ್ಚಿನಲ್ಲಿ ವಸಾಹತಿನ ಮೊದಲ ಶಾಸನಸಭೆ ಸೇರಿತ್ತು.

ಮೊದಮೊದಲು ಗೆರೆಗಳು ಸ್ಪಷ್ಟವಾಗಿರಲಿಲ್ಲ. ಆಂಟನಿ ಜಾನ್ಸನ್ ಎಂಬ ಆಫ್ರಿಕನ್ ಬಿಡುಗಡೆ ಪಡೆದು, 1651ರ ಹೊತ್ತಿಗೆ 250 ಎಕರೆಯ ಒಡೆಯನಾದ. ಆದರೆ 1640ರ ಒಂದು ತೀರ್ಪು ಮುಂದಿನ ದಾರಿಯನ್ನು ತೋರಿಸಿತ್ತು. ಒಬ್ಬನೇ ಯಜಮಾನನ ಬಳಿ ದುಡಿಯುತ್ತಿದ್ದ ಮೂವರು ಆಳುಗಳು ಮೇರಿಲ್ಯಾಂಡ್‌ಗೆ ಓಡಿಹೋಗಿ ಸಿಕ್ಕಿಬಿದ್ದರು. ಮೂವರಿಗೂ ಮೂವತ್ತು ಛಡಿಯೇಟು. ಇಬ್ಬರು ಬಿಳಿಯರಿಗೆ ಇನ್ನೂ ನಾಲ್ಕು ವರ್ಷ ದುಡಿಮೆ. ಮೂರನೆಯವನಾದ ಜಾನ್ ಪಂಚ್‌ಗೆ ಜೀವ ಇರುವವರೆಗೂ ದುಡಿಮೆ. ತಪ್ಪು ಒಂದೇ, ಬಣ್ಣ ಬೇರೆ.

ನಿರ್ಣಾಯಕ ಕಾನೂನು ಬಂದದ್ದು 1662ರಲ್ಲಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಸ್ಥಾನಮಾನ ಬರುತ್ತಿತ್ತು. ಆಫ್ರಿಕನ್ ತಾಯಿ, ಇಂಗ್ಲಿಷ್ ತಂದೆಗೆ ಹುಟ್ಟಿದ ಎಲಿಜಬೆತ್ ಕೀ ಎಂಬ ಹೆಣ್ಣುಮಗಳು ಆ ಆಧಾರವನ್ನೂ ಮುಂದಿಟ್ಟು ಮೊಕದ್ದಮೆ ಹೂಡಿ, 1656ರಲ್ಲಿ ಸ್ವಾತಂತ್ರ್ಯ ಗೆದ್ದಿದ್ದಳು. ಆರು ವರ್ಷಗಳ ಬಳಿಕ ವರ್ಜೀನಿಯಾದ ಶಾಸನಸಭೆ ನಿಯಮವನ್ನೇ ತಿರುಗಿಸಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಯಜಮಾನನೇ ತನ್ನ ಗುಲಾಮಳ ಮೇಲೆ ಬಲಾತ್ಕಾರ ಮಾಡಿದರೂ ಹುಟ್ಟುವ ಮಗು ಅವನ ಆಸ್ತಿಯ ಪಟ್ಟಿಗೆ ಸೇರುತ್ತಿತ್ತು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಕ್ರೂರವಾದ ಒಂದು ವಾಕ್ಯವನ್ನು ನಾನು ಕಂಡಿಲ್ಲ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರೂ ಬಿಡುಗಡೆಯಿಲ್ಲ ಎಂದು 1667ರ ಕಾನೂನು ಹೇಳಿತು. 1676ರಲ್ಲಿ ವರ್ಜೀನಿಯಾದ ಗವರ್ನರ್ ವಿರುದ್ಧ ನಡೆದ ನಥಾನಿಯಲ್ ಬೇಕನ್‌ನ ದಂಗೆಯಲ್ಲಿ ಬಿಳಿಯ ಆಳುಗಳೂ ಕಪ್ಪು ಆಳುಗಳೂ ಒಟ್ಟಾಗಿ ಬಂದೂಕು ಹಿಡಿದದ್ದು ತೋಟದ ದೊರೆಗಳ ನಿದ್ದೆ ಕೆಡಿಸಿತು. 1705ರಲ್ಲಿ ಎಲ್ಲ ನಿಯಮಗಳನ್ನೂ ಒಟ್ಟುಗೂಡಿಸಿ ಗುಲಾಮರ ಸಂಹಿತೆಯನ್ನೇ ಬರೆದರು.

ಸ್ವಾತಂತ್ರ್ಯ ಸಮರದ ಕಾಲದಲ್ಲಿ ಬೇರೆ ದಾರಿ ತೆರೆದಿತ್ತು ಎಂಬುದನ್ನು ಮರೆಯಬಾರದು. ಪೆನ್ಸಿಲ್ವೇನಿಯಾ 1780ರಲ್ಲಿ ಹಂತಹಂತವಾಗಿ ಗುಲಾಮಗಿರಿ ತೊಡೆಯುವ ಕಾನೂನು ತಂದಿತು. ಮ್ಯಾಸಚೂಸೆಟ್ಸ್‌ನಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಣ್ಣು, ರಾಜ್ಯದ ಹೊಸ ಸಂವಿಧಾನ ಎಲ್ಲರೂ ಸ್ವತಂತ್ರರು ಎನ್ನುವುದಾದರೆ ನಾನೇಕೆ ಅಲ್ಲ ಎಂದು ನ್ಯಾಯಾಲಯಕ್ಕೆ ಹೋಗಿ 1781ರಲ್ಲಿ ಗೆದ್ದಳು. ಆದರೆ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕುಳಿತವರು ಒಕ್ಕೂಟ ಉಳಿಯಲಿ ಎಂದು ದಕ್ಷಿಣದವರ ಹಟಕ್ಕೆ ಮಣಿದರು. 1808ರವರೆಗೆ ಆಫ್ರಿಕಾದಿಂದ ಜನರನ್ನು ತರುವ ವ್ಯಾಪಾರಕ್ಕೆ ಕಾಂಗ್ರೆಸ್ ತಡೆ ಹಾಕುವಂತಿಲ್ಲ. ಓಡಿಹೋದವರನ್ನು ಒಪ್ಪಿಸಬೇಕು. ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕು. ಮತವಿಲ್ಲದ ಜನರ ತಲೆ ಎಣಿಸಿ ಅವರ ಮಾಲೀಕರಿಗೆ ಹೆಚ್ಚು ಸ್ಥಾನ ಕೊಡುವ ಲೆಕ್ಕ ಇದು. ಅಧ್ಯಕ್ಷರ ಆಯ್ಕೆಗೂ ಇದೇ ಲೆಕ್ಕ ಅನ್ವಯಿಸಿತು. ಮೊದಲ ಏಳು ಅಧ್ಯಕ್ಷರಲ್ಲಿ ಐವರು ಗುಲಾಮರ ಒಡೆಯರು, ಐವರೂ ಎರಡೆರಡು ಬಾರಿ ಗೆದ್ದವರು. ಇಷ್ಟೆಲ್ಲ ಮಾಡಿದ ಆ ಮೂಲ ಸಂವಿಧಾನದಲ್ಲಿ 'ಗುಲಾಮ' ಎಂಬ ಪದ ಎಲ್ಲಿಯೂ ಇಲ್ಲ.

ಗುಲಾಮಗಿರಿ ತಾನಾಗಿಯೇ ಬತ್ತಿಹೋದೀತು ಎಂದು ನಂಬಿದವರ ನಿರೀಕ್ಷೆಯನ್ನು ಹತ್ತಿ ಸುಳ್ಳುಮಾಡಿತು. 1793ರಲ್ಲಿ ಎಲಿ ವಿಟ್ನಿ ರೂಪಿಸಿದ ಜಿನ್ ಯಂತ್ರ ಅರಳೆಯಿಂದ ಬೀಜ ಬಿಡಿಸುವ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸಿತು. 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಒಂದೂವರೆ ಕೋಟಿ ಡಾಲರ್‌ಗೆ ಕೊಂಡದ್ದರಿಂದ ದೇಶದ ವಿಸ್ತಾರ ಸುಮಾರು ಎರಡರಷ್ಟಾಯಿತು. ಹತ್ತಿ ನೆಲಕ್ಕಾಗಿ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದರು. ತಮ್ಮದೇ ಲಿಪಿ, ಲಿಖಿತ ಸಂವಿಧಾನ, ಪತ್ರಿಕೆ ಎಲ್ಲವನ್ನೂ ಹೊಂದಿದ್ದ ಚೆರೋಕಿ ಜನರನ್ನು 1838ರಲ್ಲಿ ಸೈನಿಕರು ಪಶ್ಚಿಮಕ್ಕೆ ಅಟ್ಟಿದಾಗ ಸಾವಿರಾರು ಜನ ಸತ್ತರು. ಖಾಲಿಯಾದ ನೆಲಕ್ಕೆ ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಗುಲಾಮರನ್ನು ಮಾರಿ ಸಾಗಿಸಲಾಯಿತು. ಹೀಗೆ ದೇಶದೊಳಗೇ ಸಾಗಿಸಲಾದವರು ಸುಮಾರು ಹತ್ತು ಲಕ್ಷ. 1790ರಲ್ಲಿ ಏಳು ಲಕ್ಷದಷ್ಟಿದ್ದ ಗುಲಾಮರ ಸಂಖ್ಯೆ 1860ಕ್ಕೆ ನಲವತ್ತು ಲಕ್ಷದ ಹತ್ತಿರ ಬಂತು.

ಗೊತ್ತಿರುವ ರಾಜಿಗಳ ಕಥೆ ಇಲ್ಲಿಂದ ಶುರುವಾಗುತ್ತದೆ. 1820ರಲ್ಲಿ ಮಿಸೌರಿಯನ್ನು ಗುಲಾಮ ರಾಜ್ಯವಾಗಿ, ಮೇನ್ ಅನ್ನು ಮುಕ್ತ ರಾಜ್ಯವಾಗಿ ಸೇರಿಸಿಕೊಳ್ಳಲು ಒಪ್ಪಿ, ಪಶ್ಚಿಮದ ಉಳಿದ ನೆಲದಲ್ಲಿ ಇದರ ಉತ್ತರಕ್ಕೆ ಗುಲಾಮಗಿರಿ ಇಲ್ಲ ಎಂದು ಭೂಪಟದ ಮೇಲೆ ಅಡ್ಡಗೆರೆ ಎಳೆದರು. ಮೆಕ್ಸಿಕೊದಿಂದ ಗೆದ್ದ ನೆಲದ ಜಗಳ ಬಗೆಹರಿಸಲು 1850ರಲ್ಲಿ ಇನ್ನೊಂದು ರಾಜಿ. ಆ 10 ಡಾಲರ್‌ನ ಕಾನೂನು ಇದರ ಪಾಲು. 1854ರಲ್ಲಿ ಹಳೆಯ ಗೆರೆಯನ್ನು ಅಳಿಸಿದಾಗ ಕಾನ್ಸಾಸ್‌ನಲ್ಲಿ ರಕ್ತ ಹರಿಯಿತು. ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೇಳಿ ಹೂಡಿದ ಮೊಕದ್ದಮೆಯಲ್ಲಿ, 1857ರಲ್ಲಿ, ಆಫ್ರಿಕನ್ ಮೂಲದವರು ದೇಶದ ಪ್ರಜೆಗಳಾಗಲಾರರು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪ್ರತಿ ರಾಜಿಯನ್ನೂ ಶಾಂತಿ ಎಂದು ಕರೆದರು. ಆ ಶಾಂತಿಯ ಬೆಲೆ ತೆತ್ತವರು ಮಾತುಕತೆಯ ಮೇಜಿನ ಬಳಿ ಇರಲೇ ಇಲ್ಲ.

ಗುಲಾಮಗಿರಿ ಹೊಸ ನೆಲಕ್ಕೆ ಹರಡುವುದನ್ನು ವಿರೋಧಿಸುತ್ತಿದ್ದ ಅಬ್ರಹಾಂ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದ ಮೇಲೆ, 1860ರ ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ಒಕ್ಕೂಟ ತೊರೆಯಿತು. ಮುಂದಿನ ಅಂತರ್ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ವಾದಿಸುವವರು ಆ ರಾಜ್ಯವೇ ಹೊರಡಿಸಿದ ಕಾರಣಗಳ ಘೋಷಣೆಯನ್ನು ಓದಬೇಕು. ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಒಪ್ಪಿಸುತ್ತಿಲ್ಲ ಎಂಬುದೇ ಅದರ ಮುಖ್ಯ ದೂರು. ಅಂದರೆ ಉತ್ತರದವರು ತಮ್ಮ ಹಕ್ಕು ಚಲಾಯಿಸಿದ್ದೇ ತಪ್ಪಾಗಿತ್ತು.

1861ರ ಮೇ ತಿಂಗಳಲ್ಲಿ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ, ಒಕ್ಕೂಟದ ಸೇನೆಯ ವಶದಲ್ಲಿದ್ದ ಫೋರ್ಟ್ ಮನ್ರೋ ಕೋಟೆಗೆ ಬಂದು ಆಶ್ರಯ ಕೇಳಿದರು: ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ಆ ಕೋಟೆ ಇದ್ದದ್ದು 1619ರ ಹಡಗು ಬಂದ ಪಾಯಿಂಟ್ ಕಂಫರ್ಟ್‌ನಲ್ಲೇ. 1850ರ ಕಾನೂನಿನಂತೆ ಅವರನ್ನು ಒಪ್ಪಿಸಿ ಎಂದು ಮಾಲೀಕನ ಕಡೆಯವನು ಬಿಳಿ ಬಾವುಟ ಹಿಡಿದು ಬಂದ. ವರ್ಜೀನಿಯಾ ತಾನು ಪರದೇಶ ಎನ್ನುತ್ತಿರುವಾಗ ಈ ದೇಶದ ಕಾನೂನಿನ ಆಶ್ರಯ ಅದಕ್ಕೇಕೆ ಎಂದು ಜನರಲ್ ಬೆಂಜಮಿನ್ ಬಟ್ಲರ್ ನಿರಾಕರಿಸಿದ. ಲಿಂಕನ್‌ಗಿಂತ ಮೊದಲೇ ಆ ಕಾಯದೆಗೆ ಬಿರುಕು ತಂದವರು ಆ ಮೂವರು. ಲಿಂಕನ್‌ನ ವಿಮೋಚನಾ ಘೋಷಣೆ ಬಂದದ್ದು 1863ರಲ್ಲಿ.

ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತು. ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡದ ಹತ್ತಿಗೆ ಬೇಡಿಕೆ ಏರಿತು. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ತಳಿಯ ಬೀಜ ಬಿತ್ತುತ್ತಿದ್ದರು. ಆ ಹತ್ತಿ ಸಾಗಿಸಲು ಕಾರವಾರ ಬಂದರಿನ ಮೇಲೆ ಬ್ರಿಟಿಷರ ಕಣ್ಣು ಬಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಲೆಕ್ಕವೂ ಇತ್ತು.

1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. ಅದರೊಂದಿಗೆ ಐದರಲ್ಲಿ ಮೂರರ ಲೆಕ್ಕವೂ ಹೋಯಿತು. ಆಗ ಹೊಸ ತೊಡಕು ಎದ್ದಿತು: ಬಿಡುಗಡೆಯಾದವರನ್ನು ಪೂರ್ತಿ ಎಣಿಸಿದರೆ, ಬಂಡೆದ್ದು ಸೋತ ರಾಜ್ಯಗಳಿಗೆ ಮೊದಲಿಗಿಂತ ಹೆಚ್ಚು ಸ್ಥಾನ ಸಿಗುತ್ತಿತ್ತು. ಹಾಗಾಗಿ 1868ರ ಹದಿನಾಲ್ಕನೆಯ ತಿದ್ದುಪಡಿಯಲ್ಲಿ ಒಂದು ಕಲಮು ಸೇರಿಸಿದರು: ವಯಸ್ಕ ಗಂಡಸರಿಗೆ ಮತದ ಹಕ್ಕು ನಿರಾಕರಿಸುವ ರಾಜ್ಯದ ಸ್ಥಾನಗಳನ್ನು ಅದೇ ಪ್ರಮಾಣದಲ್ಲಿ ಕಡಿತಗೊಳಿಸಬೇಕು. ಮಿಸಿಸಿಪ್ಪಿ 1890ರಲ್ಲಿ ಮತದಾನ ತೆರಿಗೆ ಮತ್ತು ಓದು ಬರಹದ ಪರೀಕ್ಷೆಗಳನ್ನು ತಂದು ಕಪ್ಪು ಜನರನ್ನು ಮತಪಟ್ಟಿಯಿಂದ ಹೊರಗಿಟ್ಟಿತು. ಇತರ ದಕ್ಷಿಣ ರಾಜ್ಯಗಳೂ ಅದೇ ಹಾದಿ ಹಿಡಿದವು. ಆ ಕಲಮಿನಡಿ ಯಾವ ರಾಜ್ಯವೂ ಒಂದು ಸ್ಥಾನವನ್ನೂ ಕಳೆದುಕೊಳ್ಳಲಿಲ್ಲ.